ಪಾರ್ಲಿಮೆಂಟಿಗೆ ಹೋದ ಭೌತಶಾಸ್ತ್ರದ ಮಾಷ್ಟ್ರು

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳು, ಪರೀಕ್ಷೆ ಮುಗಿಯುತ್ತಾ ಬಂದಿತ್ತು. ಏಳನೇ ತರಗತಿಯ ಹುಡುಗನೊಬ್ಬ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಮಾಷ್ಟ್ರೇ, ಇಲ್ಲಿ ಮಾರ್ಚ್ 22ರ ಮೂಲೆಯಲ್ಲಿ ಚೈತ್ರ 1 ಅಂತ ಸಣ್ಣದಾಗಿ ಹಾಕಿದ್ದಾರೆ. ಯುಗಾದಿ ಅವತ್ತಲ್ಲ. ಬಿಸು ಏಪ್ರಿಲಿಗೆ. ಹಾಗಾದರೆ ಇದು ಯಾರ ಹೊಸ ವರ್ಷ?" ಎಂದು ಕೇಳಿದ.

ನಾವು ಕಾಸರಗೋಡಿನವರು. ನಮ್ಮ ಮಕ್ಕಳಿಗೆ ಹೊಸ ವರ್ಷಗಳು ಬೇಕಾದಷ್ಟಿವೆ. ಒಂದು ಮನೆಯಲ್ಲಿ ಚಾಂದ್ರಮಾನ ಯುಗಾದಿ, ಪಕ್ಕದ ಮನೆಯಲ್ಲಿ ಬಿಸುಕಣಿ, ಆಚೆ ಮನೆಯಲ್ಲಿ ವಿಷು, ಚಿಂಗಂ ಒಂದಕ್ಕೆ ಕೊಲ್ಲಂ ವರ್ಷ, ಜನವರಿ ಒಂದಕ್ಕೆ ಎಲ್ಲರಿಗೂ ಕೇಕು. ಇಷ್ಟೆಲ್ಲ ಇರುವಾಗ ಯಾರೂ ಹಬ್ಬ ಮಾಡದ ಈ ಚೈತ್ರ 1 ಎಲ್ಲಿಂದ ಬಂತು? ಆ ಹುಡುಗನಿಗೆ ಅವತ್ತು, "ಅದು ಸರಕಾರದ ರಾಷ್ಟ್ರೀಯ ಪಂಚಾಂಗ, ಒಬ್ಬ ವಿಜ್ಞಾನಿಯ ಸಮಿತಿ ಮಾಡಿದ್ದು" ಎಂದಷ್ಟೇ ಹೇಳಿ ಮುಗಿಸಿದೆವು. ಮನೆಗೆ ಬಂದ ಮೇಲೆ ಅದು ಸಾಲದು ಅನ್ನಿಸಿತು. ಆ ವಿಜ್ಞಾನಿ ಮೇಘನಾದ ಸಹಾ. ನಕ್ಷತ್ರಗಳ ಬಗ್ಗೆ ಪಾಠ ಮಾಡುತ್ತಿದ್ದ ಪ್ರೊಫೆಸರು ಚುನಾವಣೆಗೆ ನಿಂತು ಗೆದ್ದು ಲೋಕಸಭೆಯಲ್ಲಿ ಕುಳಿತವರು. ಅವರ ಕತೆ ಕೊನೆಗೆ ನಮ್ಮ ಗಡಿಯ ಕತೆಯ ಹತ್ತಿರವೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಬರಹ.

ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಜಿಲ್ಲೆಯ ಶೇವರಾತಲಿ ಎಂಬ ಹಳ್ಳಿಯಲ್ಲಿ. ಈಗ ಅದು ಬಾಂಗ್ಲಾದೇಶ. ಹುಟ್ಟಿದ ದಿನ ಗುಡುಗು ಮಳೆಯಂತೆ, ಹಾಗಾಗಿ ಮೇಘನಾಥ ಎಂದು ಹೆಸರಿಟ್ಟರು. ದೊಡ್ಡವರಾದ ಮೇಲೆ ಅವರೇ ಅದನ್ನು ಮೇಘನಾದ ಎಂದು ಬದಲಿಸಿಕೊಂಡರು. ಅಂದರೆ ರಾವಣನ ಮಗ ಇಂದ್ರಜಿತು! ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಕೇಳಿ ಖುಷಿಯಾಯಿತು. ದೇವತೆಗಳ ಕಡೆಯವರ ಹೆಸರು ಬಿಟ್ಟು ಎದುರಾಳಿಯ ಹೆಸರು ಇಟ್ಟುಕೊಳ್ಳುವುದಕ್ಕೂ ಒಂದು ಗುಂಡಿಗೆ ಬೇಕು.

ತಂದೆಯದು ಸಣ್ಣ ದಿನಸಿ ಅಂಗಡಿ. ಎಂಟು ಮಕ್ಕಳಲ್ಲಿ ಇವರು ಐದನೆಯವರು. ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಮಾತ್ರ ಇತ್ತು. ಮುಂದಿನ ಶಾಲೆ ಸುಮಾರು 10 ಕಿಲೋಮೀಟರ್ ದೂರದ ಶಿಮುಲಿಯಾದಲ್ಲಿ. ಮಳೆಗಾಲದಲ್ಲಿ ಆ ಸೀಮೆಯಲ್ಲಿ ದೋಣಿ ಇಲ್ಲದೆ ಓಡಾಟವಿಲ್ಲ. ಅಪ್ಪನಿಗೆ ಮಗ ಅಂಗಡಿಯಲ್ಲಿ ಕೂರಲಿ ಎಂದಿತ್ತು. ಅಣ್ಣ ಜಯನಾಥ ಹುಡುಕಾಡಿ ಶಿಮುಲಿಯಾದ ವೈದ್ಯ ಅನಂತ ಕುಮಾರ ದಾಸ್ ಅವರ ಮನೆಯಲ್ಲಿ ತಮ್ಮನಿಗೆ ಊಟ, ವಸತಿ ಗೊತ್ತು ಮಾಡಿದ. ಷರತ್ತು ಎರಡು: ಉಂಡ ತಟ್ಟೆ ತಾನೇ ತೊಳೆಯಬೇಕು, ಮನೆಯ ಹಸುವನ್ನು ನೋಡಿಕೊಳ್ಳಬೇಕು. ತಟ್ಟೆಯ ಷರತ್ತು ಯಾಕೆ ಎಂದರೆ ಜಾತಿ. ಸಹಾ ಕುಟುಂಬ ಅಲ್ಲಿ ಕೆಳಗಿನ ಜಾತಿ ಎಂದು ಎಣಿಸಲ್ಪಡುತ್ತಿತ್ತು. ಹಾಗೆಂದು ಆ ವೈದ್ಯರನ್ನು ಬೈಯುವಂತಿಲ್ಲ, ಅವರು ಬಾಗಿಲು ತೆರೆಯದಿದ್ದರೆ ಹುಡುಗ ಅಂಗಡಿಯಲ್ಲೇ ಉಳಿಯುತ್ತಿದ್ದ. ಸಹಾ ಕೊನೆಯವರೆಗೂ ಅವರ ಉಪಕಾರ ನೆನೆಯುತ್ತಿದ್ದರು.

ಮಿಡ್ಲ್ ಸ್ಕೂಲ್ ಪರೀಕ್ಷೆಯಲ್ಲಿ ಹುಡುಗ ಜಿಲ್ಲೆಗೇ ಮೊದಲಿಗನಾದ. ತಿಂಗಳಿಗೆ 4 ರೂಪಾಯಿ ಸ್ಕಾಲರ್‌ಶಿಪ್ ಬಂತು. ನಮ್ಮ ಮಕ್ಕಳು ಎಲ್.ಎಸ್.ಎಸ್., ಯು.ಎಸ್.ಎಸ್. ಬರೆಯುತ್ತಾರಲ್ಲ, ಆ ತರಹದ್ದೇ ಎಂದಿಟ್ಟುಕೊಳ್ಳಿ. ಆದರೆ ಇಲ್ಲಿ ಸ್ಕಾಲರ್‌ಶಿಪ್ ಹೋದರೆ ಓದೇ ಹೋಗುತ್ತಿತ್ತು. 1905ರಲ್ಲಿ ಢಾಕಾ ಕಾಲೇಜಿಯೇಟ್ ಶಾಲೆ ಸೇರಿದರು. ಬಂಗಾಳವನ್ನು ಕರ್ಜನ್ ಎರಡಾಗಿ ಒಡೆದ ವರ್ಷ ಅದು. ಹೊಸ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಬ್ಯಾಂಫೀಲ್ಡ್ ಫುಲ್ಲರ್ ಶಾಲೆಗೆ ಬಂದಾಗ ಹುಡುಗರು ಬಹಿಷ್ಕಾರ ಹಾಕಿದರು. ಅವರಲ್ಲಿ ಸಹಾ ಕೂಡ ಒಬ್ಬರು. ಶಾಲೆಯಿಂದ ಹೊರಗೆ ಹಾಕಿದರು, ಸ್ಕಾಲರ್‌ಶಿಪ್ಪೂ ಹೋಯಿತು. 12 ವರ್ಷದ ಹುಡುಗ! ಕಿಶೋರಿಲಾಲ್ ಜುಬಿಲಿ ಶಾಲೆಯವರು ಸೇರಿಸಿಕೊಂಡರು. ಸೆಣಬಿನ ಕಾರ್ಖಾನೆಯಲ್ಲಿ ತಿಂಗಳಿಗೆ 20 ರೂಪಾಯಿ ಸಂಬಳಕ್ಕಿದ್ದ ಅಣ್ಣ ಅದರಲ್ಲಿ 5 ರೂಪಾಯಿ ಕಳಿಸುತ್ತಿದ್ದ. 1909ರ ಎಂಟ್ರೆನ್ಸ್ ಪರೀಕ್ಷೆಯಲ್ಲಿ ಪೂರ್ವ ಬಂಗಾಳದ ವಿದ್ಯಾರ್ಥಿಗಳಲ್ಲಿ ಸಹಾ ಮೊದಲ ಸ್ಥಾನ.

ರಾಜಕೀಯ ಅವರಿಗೆ 1952ರಲ್ಲಿ ಶುರುವಾದದ್ದಲ್ಲ ಎಂದು ತೋರಿಸಲಿಕ್ಕೆ ಇದನ್ನೆಲ್ಲ ಬರೆದೆವು. ಗಡಿ ಎಳೆಯುವವರು ಯಾರನ್ನೂ ಕೇಳುವುದಿಲ್ಲ ಎಂಬ ಪಾಠ ಅವರಿಗೆ ಏಳನೇ ಕ್ಲಾಸಿನ ವಯಸ್ಸಿನಲ್ಲೇ ಆಗಿತ್ತು.

ಮುಂದೆ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜು. ಪಾಠ ಹೇಳಿದವರು ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್. ಸಹಪಾಠಿ ಸತ್ಯೇಂದ್ರನಾಥ ಬೋಸ್. ಬಿ.ಎಸ್ಸಿ.ಯಲ್ಲೂ ಎಂ.ಎಸ್ಸಿ.ಯಲ್ಲೂ ಬೋಸ್ ಮೊದಲನೆಯವರು, ಸಹಾ ಎರಡನೆಯವರು. ಹಾಸ್ಟೆಲಿನಲ್ಲಿ ಊಟಕ್ಕೆ ಪಂಕ್ತಿಯಲ್ಲಿ ಕೂರಿಸಿಕೊಳ್ಳದ ಹುಡುಗರೂ ಇದ್ದರು. ಓದು ಮುಗಿದ ಮೇಲೆ ಹಣಕಾಸು ಇಲಾಖೆಯ ಪರೀಕ್ಷೆಗೆ ಕೂರಬೇಕೆಂದಿದ್ದರೆ ಕ್ರಾಂತಿಕಾರಿಗಳ ಸಹವಾಸ ಇದೆ ಎಂದು ಸರಕಾರ ಅನುಮತಿ ಕೊಡಲಿಲ್ಲ. ಒಳ್ಳೆಯದೇ ಆಯಿತು ಎನ್ನಬೇಕು. ಅಶುತೋಷ್ ಮುಖರ್ಜಿಯವರು 1916ರಲ್ಲಿ ಇವರನ್ನೂ ಬೋಸರನ್ನೂ ಕಲ್ಕತ್ತ ವಿಶ್ವವಿದ್ಯಾಲಯದ ಹೊಸ ವಿಜ್ಞಾನ ಕಾಲೇಜಿಗೆ ಅಧ್ಯಾಪಕರಾಗಿ ಕರೆದುಕೊಂಡರು.

ಇಲ್ಲೊಂದು ವಿಷಯ ಮಾಷ್ಟ್ರಿಕೆ ಮಾಡುವವರೆಲ್ಲ ತಿಳಿದಿರಬೇಕು. ಸಹಾ ಓದಿದ್ದು ಗಣಿತ. ಪಾಠ ಮಾಡಲು ಸಿಕ್ಕಿದ್ದು ಭೌತಶಾಸ್ತ್ರ. ರಾತ್ರಿ ಕಲಿತು ಬೆಳಿಗ್ಗೆ ಕಲಿಸಬೇಕಾಯಿತು. ಒಳ್ಳೆಯ ಪುಸ್ತಕಗಳೆಲ್ಲ ಜರ್ಮನ್ ಭಾಷೆಯಲ್ಲಿದ್ದವು, ಮೊದಲೇ ಕಲಿತಿದ್ದ ಜರ್ಮನ್ ಆಗ ಉಪಯೋಗಕ್ಕೆ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಲೇಖನಗಳನ್ನು ಬೋಸ್ ಮತ್ತು ಸಹಾ ಇಂಗ್ಲಿಷಿಗೆ ತಂದರು. 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅದನ್ನು ಪುಸ್ತಕ ಮಾಡಿತು.

ಅದೇ ವರ್ಷ ಅವರ ಹೆಸರು ಪ್ರಪಂಚಕ್ಕೆ ಗೊತ್ತಾದದ್ದು. ನಕ್ಷತ್ರದ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಯಾವ ಗೆರೆ ಯಾವ ಧಾತುವಿನದು ಎಂದು ಗೊತ್ತಿತ್ತು. ಆದರೆ ಒಂದು ನಕ್ಷತ್ರದಲ್ಲಿ ಕ್ಯಾಲ್ಸಿಯಂ ಗೆರೆ ದಟ್ಟವಾಗಿ, ಇನ್ನೊಂದರಲ್ಲಿ ಕಾಣದಂತೆ ಇರುವುದು ಯಾಕೆ? ಒಂದರಲ್ಲಿ ಕ್ಯಾಲ್ಸಿಯಂ ಇದೆ, ಇನ್ನೊಂದರಲ್ಲಿ ಇಲ್ಲ ಎನ್ನೋಣವೇ? ಸಹಾ ಹಾಗಲ್ಲ ಎಂದರು. ಶಾಖ ಏರಿದಂತೆ ಪರಮಾಣು ತನ್ನ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ, ಕಳೆದುಕೊಂಡ ಮೇಲೆ ಅದರ ಗೆರೆಗಳೇ ಬೇರೆ. ಎಷ್ಟು ಶಾಖಕ್ಕೆ, ಎಷ್ಟು ಒತ್ತಡಕ್ಕೆ, ಎಷ್ಟು ಪಾಲು ಪರಮಾಣುಗಳು ಹೀಗಾಗುತ್ತವೆ ಎಂದು ಒಂದು ಸಮೀಕರಣ ಕೊಟ್ಟರು. ಅಂದರೆ ನಕ್ಷತ್ರಗಳ ವ್ಯತ್ಯಾಸ ಬಹುಪಾಲು ಶಾಖದ ವ್ಯತ್ಯಾಸ. ಗೆರೆ ನೋಡಿ ನಕ್ಷತ್ರದ ಜ್ವರ ಹೇಳುವ ಥರ್ಮಾಮೀಟರು ಸಿಕ್ಕಿದಂತಾಯಿತು. 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಯುವತಿ ಇದೇ ಸಮೀಕರಣ ಹಿಡಿದು ನಕ್ಷತ್ರಗಳಲ್ಲಿ ಹೆಚ್ಚಿನ ಪಾಲು ಇರುವುದು ಹೈಡ್ರೋಜನ್ ಎಂದು ಕಂಡುಕೊಂಡರು.

1923ರಿಂದ 1938ರವರೆಗೆ ಸಹಾ ಅಲಹಾಬಾದಿನಲ್ಲಿ ಪ್ರೊಫೆಸರು. 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಬಿ.ಎನ್. ಶ್ರೀವಾಸ್ತವರ ಜತೆ ಬರೆದ ಶಾಖಶಾಸ್ತ್ರದ ಪಠ್ಯಪುಸ್ತಕವನ್ನು ಭಾರತದ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಓದಿದರು. ಈ ಪುಸ್ತಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಾಗಾದರೆ ಇಂಥ ಮನುಷ್ಯ ರಾಜಕೀಯಕ್ಕೆ ಇಳಿದದ್ದು ಯಾವ ದಾರಿಯಲ್ಲಿ? ನಮಗೆ ಕಾಣುವಂತೆ ನದಿಯ ದಾರಿಯಲ್ಲಿ. 1913ರಲ್ಲಿ ದಾಮೋದರ ನದಿ ಉಕ್ಕಿದಾಗ ಕಾಲೇಜು ಹುಡುಗನಾಗಿ ಪರಿಹಾರ ಕೆಲಸಕ್ಕೆ ಹೋಗಿದ್ದರು. 1922ರಲ್ಲಿ ಉತ್ತರ ಬಂಗಾಳದಲ್ಲಿ ನೆರೆ ಬಂದಾಗ ಗುರು ಪ್ರಫುಲ್ಲಚಂದ್ರ ರಾಯ್ ಕಟ್ಟಿದ ಪರಿಹಾರ ಸಮಿತಿಯಲ್ಲಿ ದುಡಿದರು. ಅಕ್ಕಿ, ಬಟ್ಟೆ ಹಂಚಿ ಬರುವುದು ಪುಣ್ಯದ ಕೆಲಸವೇ. ಆದರೆ ನೆರೆ ಮತ್ತೆ ಬರುತ್ತದೆ, ಮತ್ತೆ ಅಕ್ಕಿ ಹಂಚಬೇಕು. ಚಂದ್ರಗಿರಿ, ಶಿರಿಯಾ ಹೊಳೆಗಳ ಬದಿಯಲ್ಲಿ ಮನೆ ಇರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1934ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅಧ್ಯಕ್ಷ ಭಾಷಣ ಮಾಡುವಾಗ ಸಹಾ ನೆರೆಯ ಸಮಸ್ಯೆಯನ್ನೆತ್ತಿ, ನದಿಗಳನ್ನು ಅಧ್ಯಯನ ಮಾಡಲು ಒಂದು ಪ್ರಯೋಗಶಾಲೆ ಬೇಕು ಎಂದರು. ಮರುವರ್ಷ ತಮ್ಮದೇ ಒಂದು ಮಾಸಪತ್ರಿಕೆ ಶುರು ಮಾಡಿದರು. ಹೆಸರು 'ಸೈನ್ಸ್ ಅಂಡ್ ಕಲ್ಚರ್'. ನದಿ, ವಿದ್ಯುತ್ತು, ಗಣಿ, ಶಿಕ್ಷಣ ಎಂದು ಅದರಲ್ಲಿ ಬರೆದೇ ಬರೆದರು.

1938ರಲ್ಲಿ ಸುಭಾಷಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾದರು. ಮುಂದಿನ ಭಾರತ ಎತ್ತಿನ ಗಾಡಿಯ ಕಾಲದ್ದೋ, ಕೈಗಾರಿಕೆಯದೋ ಎಂದು ಸಹಾ ಅವರನ್ನು ನೇರವಾಗಿ ಕೇಳಿದರು. ಆ ವರ್ಷ ರಾಷ್ಟ್ರೀಯ ಯೋಜನಾ ಸಮಿತಿ ಹುಟ್ಟಿತು. ಅಧ್ಯಕ್ಷ ಪದವಿಗೆ ಮೊದಲು ಕೇಳಿಬಂದ ಹೆಸರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು. ಸಹಾ ಅವರ ಲೆಕ್ಕ ಬೇರೆ ಇತ್ತು. ಕಾಂಗ್ರೆಸ್ಸಿನ ಒಳಗಿನ ದೊಡ್ಡ ನಾಯಕರೊಬ್ಬರು ಕುಳಿತರೆ ಮಾತ್ರ ಸಮಿತಿಯ ಮಾತನ್ನು ನಾಳೆ ಯಾರಾದರೂ ಕೇಳುತ್ತಾರೆ, ಆದ್ದರಿಂದ ನೆಹರೂ ಆಗಲಿ ಎಂದು ಅವರು ವಿಶ್ವೇಶ್ವರಯ್ಯನವರಲ್ಲೇ ಹೋಗಿ ಹೇಳಿದರು. ಆ ಹಿರಿಯರು ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಒಪ್ಪಿ ಜಾಗ ಬಿಟ್ಟರು. ಮೈಸೂರಿನ ದಿವಾನರಾಗಿದ್ದವರು, ಕನ್ನಂಬಾಡಿ ಕಟ್ಟಿದವರು! ಅವರ ಜೀವನಚರಿತ್ರೆಯ ಪಾಠ ಮಾಡುವಾಗ ಕನ್ನಂಬಾಡಿಯ ಜತೆ ಇದನ್ನೂ ಮಕ್ಕಳಿಗೆ ಹೇಳಬೇಕು ಎಂದು ನಮ್ಮ ಅಭಿಪ್ರಾಯ.

1943ರಲ್ಲಿ ದಾಮೋದರ ಮತ್ತೆ ದಂಡೆ ಒಡೆಯಿತು. ಯುದ್ಧದ ಕಾಲ, ಬಂಗಾಳದ ಭೀಕರ ಬರದ ವರ್ಷ. ಕಲ್ಕತ್ತಕ್ಕೆ ಬರುವ ರೈಲು ಹಳಿ, ಗ್ರ್ಯಾಂಡ್ ಟ್ರಂಕ್ ರಸ್ತೆ ಎಲ್ಲ ಕೊಚ್ಚಿಹೋದ ಮೇಲೆ ಬ್ರಿಟಿಷ್ ಸರಕಾರಕ್ಕೂ ಎಚ್ಚರವಾಯಿತು. ಬರ್ದ್ವಾನಿನ ಮಹಾರಾಜರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಮಾಡಿದರು. ಸಹಾ ಅದರ ಸದಸ್ಯ. ಅಮೆರಿಕದ ಟೆನೆಸ್ಸಿ ಕಣಿವೆಯಲ್ಲಿ ನೆರೆ ತಡೆ, ನೀರಾವರಿ, ವಿದ್ಯುತ್ತು ಎಲ್ಲಕ್ಕೂ ಒಂದೇ ಸಂಸ್ಥೆ ಕಟ್ಟಿದ್ದರಲ್ಲ, ಅಂಥದೇ ಇಲ್ಲಿಯೂ ಬೇಕು ಎಂದು ವರದಿ ಬಂತು. 1948ರಲ್ಲಿ ದಾಮೋದರ ಕಣಿವೆ ನಿಗಮ ಹುಟ್ಟಿತು. ತಿಲಯ್ಯಾ, ಕೋನಾರ್, ಮೈಥಾನ್, ಪಂಚೇತ್ ಎಂಬ ನಾಲ್ಕು ಅಣೆಕಟ್ಟುಗಳು 1953 ಮತ್ತು 1959ರ ನಡುವೆ ಮುಗಿದವು. ಮೂಲ ಯೋಜನೆಯಲ್ಲಿದ್ದದ್ದು ಅದಕ್ಕಿಂತ ಹೆಚ್ಚು.

ಇಲ್ಲಿ ನಮ್ಮದೊಂದು ತಕರಾರಿದೆ. ಸಹಾ ಅವರಿಗೆ ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಗಳ ಮೇಲೆ ಬಹಳ ನಂಬಿಕೆ. ಚರಕದ ಅರ್ಥಶಾಸ್ತ್ರವನ್ನು ಖಾರವಾಗಿ ಟೀಕಿಸುತ್ತಿದ್ದರು. ಆ ಅಣೆಕಟ್ಟುಗಳ ನೀರಿನಡಿ ಹಳ್ಳಿಗಳು ಹೋದವು, ಬುಡಕಟ್ಟು ಜನರ ಗದ್ದೆಗಳು ಹೋದವು. ನದಿಯ ಲೆಕ್ಕ ಮಾಡಿದಷ್ಟು ಶ್ರದ್ಧೆಯಿಂದ ಆ ಜನರ ಲೆಕ್ಕವನ್ನು ಆ ಕಾಲದ ಯಾರೂ ಮಾಡಲಿಲ್ಲ. ಸಹಾ ಕೂಡ ಅದಕ್ಕೆ ಹೊರತಾಗಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸಹಾ ಅವರಿಗೆ ದೆಹಲಿಯಲ್ಲಿ ದೊಡ್ಡ ಜಾಗ ಸಿಗಬೇಕಿತ್ತು. ಹಾಗಾಗಲಿಲ್ಲ. 1948ರಲ್ಲಿ ಅಣುಶಕ್ತಿ ಆಯೋಗ ಆದಾಗ ಅದು ಹೋಮಿ ಭಾಭಾ ಅವರ ಕೈಗೆ ಹೋಯಿತು. ಮೊದಲು ವಿಶ್ವವಿದ್ಯಾಲಯಗಳಲ್ಲಿ ಜನರನ್ನು ತಯಾರು ಮಾಡಿ, ಆಮೇಲೆ ಆಯೋಗ ಮಾಡಿ ಎಂಬುದು ಸಹಾ ಅವರ ವಾದ. ತಾವೇ ಕಲ್ಕತ್ತದಲ್ಲಿ ಪರಮಾಣು ವಿಜ್ಞಾನದ ಸಂಸ್ಥೆ ಕಟ್ಟಿದರು. 1950ರ ಜನವರಿಯಲ್ಲಿ ಮೇರಿ ಕ್ಯೂರಿಯವರ ಮಗಳು ಐರೀನ್ ಜೋಲಿಯೋ ಕ್ಯೂರಿ ಬಂದು ಅದನ್ನು ಉದ್ಘಾಟಿಸಿದರು. ಆದರೆ ನಿರ್ಧಾರಗಳು ಆಗುವ ಕೋಣೆಯಿಂದ ಅವರು ಹೊರಗೇ ಇದ್ದರು. ಮಾತು ನೇರ, ನಾಲಗೆ ಹರಿತ. ಅದಕ್ಕೆ ಬೆಲೆ ತೆರಬೇಕಾಯಿತು.

ಇನ್ನೊಂದು ಕಡೆ ದೇಶ ಒಡೆದಿತ್ತು. 1905ರಲ್ಲಿ ಎಳೆದು 1911ರಲ್ಲಿ ಅಳಿಸಿದ ಗೆರೆ 1947ರಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. ಶೇವರಾತಲಿ ಆಚೆ ದೇಶಕ್ಕೆ ಹೋಯಿತು. ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ಕಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನಲ್ಲಿ ಮಲಗಿದ್ದರು. ಸಹಾ ನಿರಾಶ್ರಿತರ ಕೆಲಸಕ್ಕೆ ಇಳಿದರು. ಅವರ ಪಾಲಿಗೆ ಬಂದವರೆಲ್ಲ ಊರಿನವರೇ.

1952ರ ಮೊದಲ ಮಹಾಚುನಾವಣೆಯಲ್ಲಿ ವಾಯವ್ಯ ಕಲ್ಕತ್ತ ಕ್ಷೇತ್ರದಿಂದ ಅವರು ನಿಂತರು. ವಯಸ್ಸು 58. ಎಡಪಂಥೀಯರ ಬೆಂಬಲ ಇತ್ತು, ಆದರೆ ಯಾವ ಪಕ್ಷದ ಶಿಸ್ತಿಗೂ ಒಳಪಡದೆ ಸ್ವತಂತ್ರರಾಗಿಯೇ ಉಳಿದರು. ಎದುರಾಳಿ ಕಾಂಗ್ರೆಸ್ಸಿನ ಪ್ರಭುದಯಾಳ್ ಹಿಮ್ಮತ್‌ಸಿಂಗ್‌ಕಾ. ಇವರಲ್ಲಿ ಚುನಾವಣೆಗೆ ಹಣ ಎಲ್ಲಿ? ಆಗ ಆ ಶಾಖಶಾಸ್ತ್ರದ ಪುಸ್ತಕ ನೆನಪಾಯಿತು. ಪ್ರಕಾಶಕರಿಗೆ ಕಾಗದ ಬರೆದು 5000 ರೂಪಾಯಿ ಮುಂಗಡ ಕೇಳಿದರು. ಪಠ್ಯಪುಸ್ತಕದ ಗೌರವಧನ ನಂಬಿ ಪಾರ್ಲಿಮೆಂಟಿಗೆ ನಿಂತವರು ಇನ್ನೆಷ್ಟು ಮಂದಿ ಇದ್ದಾರೋ ಕಾಣೆವು! ಗೆದ್ದರು, ಅದೂ ಒಳ್ಳೆಯ ಅಂತರದಲ್ಲಿ.

ಯಾಕೆ ಬಂದಿರಿ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು. ವಿಜ್ಞಾನಿಗಳು ದಂತದ ಗೋಪುರದಲ್ಲಿರುತ್ತಾರೆ ಎಂಬ ದೂರು ಇದೆ, ನಾನೂ 1930ರವರೆಗೆ ಹಾಗೇ ಇದ್ದೆ. ಆದರೆ ಈಗ ದೇಶದ ಆಡಳಿತಕ್ಕೆ ಕಾನೂನು ಸುವ್ಯವಸ್ಥೆ ಎಷ್ಟು ಮುಖ್ಯವೋ ವಿಜ್ಞಾನವೂ ಅಷ್ಟೇ ಮುಖ್ಯ. ನನ್ನದೇ ರೀತಿಯಲ್ಲಿ ಉಪಯೋಗಕ್ಕೆ ಬರಬೇಕೆಂದು ಮೆಲ್ಲಗೆ ಜಾರಿ ಇಲ್ಲಿಗೆ ಬಂದೆ.

ಲೋಕಸಭೆಯಲ್ಲಿ ಅವರು ಏನು ಸಾಧಿಸಿದರು? ಪ್ರಾಮಾಣಿಕವಾಗಿ ನೋಡಿದರೆ ದಾಮೋದರ ನಿಗಮ ಅವರು ಎಂ.ಪಿ. ಆಗುವ ಮೊದಲೇ ಆಗಿತ್ತು. ಪಂಚಾಂಗದ ಕೆಲಸ ಸಮಿತಿಯ ಅಧ್ಯಕ್ಷರಾಗಿ ಮಾಡಿದ್ದು. ಮಂತ್ರಿ ಪದವಿ ಇಲ್ಲ, ಹಿಂದೆ ಪಕ್ಷ ಇಲ್ಲ. ಇದ್ದದ್ದು ಒಂದೇ, ಪ್ರಶ್ನೆ ಕೇಳುವ ಹಕ್ಕು. ಆಯೋಗದ ಕೋಣೆಗೆ ಅವರನ್ನು ಕರೆಯದೆ ಇರಬಹುದು, ಆದರೆ ಸದನದಲ್ಲಿ ಅವರು ಎದ್ದು ನಿಂತರೆ ಪ್ರಧಾನಿಯೇ ಉತ್ತರ ಕೊಡಬೇಕು, ಅದು ದಾಖಲೆಯಾಗಬೇಕು. 1954ರ ಮೇ 10ರಂದು ಅಣುಶಕ್ತಿಯ ಬಗ್ಗೆ ಚರ್ಚೆಯನ್ನು ಎತ್ತಿದವರು ಸಹಾ. ಅಷ್ಟೊಂದು ಗುಟ್ಟು ಯಾಕೆ, ವಿಶ್ವವಿದ್ಯಾಲಯಗಳನ್ನು ಯಾಕೆ ಹೊರಗಿಟ್ಟಿರಿ ಎಂಬುದು ಅವರ ಪ್ರಶ್ನೆಯ ತಿರುಳು. ನಿರಾಶ್ರಿತರ ಬಗ್ಗೆ, ಯೋಜನೆಗಳ ಖರ್ಚಿನ ಬಗ್ಗೆ, ಶಿಕ್ಷಣದ ಬಗ್ಗೆಯೂ ಕೇಳಿದರು. ಹಳೆಯ ಗೆಳೆಯ ನೆಹರೂ ಅವರ ಜತೆ ಜಟಾಪಟಿಗಳೂ ಆದವು.

ಇನ್ನು ಆ ಹುಡುಗ ಕೇಳಿದ ಚೈತ್ರ 1. ಆಗ ದೇಶದಲ್ಲಿ ಸುಮಾರು 30 ಪಂಚಾಂಗಗಳು ಬಳಕೆಯಲ್ಲಿದ್ದವು. 1952ರ ನವೆಂಬರಿನಲ್ಲಿ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಆಯಿತು. ಸಮಿತಿ ಎತ್ತಿ ತೋರಿಸಿದ ತಪ್ಪು ನಮ್ಮ ಬಿಸುವಿನಲ್ಲೇ ಇದೆ. ಬಿಸು, ವಿಷು ಎಂದರೆ ವಿಷುವ, ಹಗಲು ರಾತ್ರಿ ಸಮವಾಗುವ ದಿನ. ಅದು ನಿಜವಾಗಿ ಆಗುವುದು ಮಾರ್ಚ್ 21ರ ಹೊತ್ತಿಗೆ. ನಾವು ಕಣಿ ಇಡುವುದು ಏಪ್ರಿಲ್ ಮಧ್ಯದಲ್ಲಿ. ಹಳೆಯ ಸಿದ್ಧಾಂತದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ಉದ್ದ. ವರ್ಷಕ್ಕೆ 24 ನಿಮಿಷ ಏನು ಮಹಾ ಎಂದು ಬಿಟ್ಟದ್ದು 1400 ವರ್ಷಗಳಲ್ಲಿ 23 ದಿನವಾಗಿದೆ. (ಮಕ್ಕಳಿಗೆ ಇದನ್ನೊಂದು ಲೆಕ್ಕವಾಗಿ ಕೊಡಿ, ಚೆನ್ನಾಗಿ ಬರುತ್ತದೆ.) ಅದಕ್ಕೆ ಸಮಿತಿ ವರ್ಷವನ್ನು ವಿಷುವದ ಮರುದಿನಕ್ಕೆ ಕಟ್ಟಿತು. ಮಾರ್ಚ್ 22 ಚೈತ್ರ 1, ಅಧಿಕ ವರ್ಷದಲ್ಲಿ ಮಾರ್ಚ್ 21. ವರದಿ 1955ರಲ್ಲಿ ಬಂತು, 1957ರ ಮಾರ್ಚ್ 22ರಿಂದ ಜಾರಿಯಾಯಿತು. ಗೆಜೆಟಿನಲ್ಲಿ, ಆಕಾಶವಾಣಿಯಲ್ಲಿ, ಸರಕಾರಿ ಕಾಗದಗಳಲ್ಲಿ ಬಂತು. ಅಡುಗೆಮನೆಗೆ ಮಾತ್ರ ಬರಲಿಲ್ಲ. ಲೆಕ್ಕ ಸರಿಯಾದ ಮಾತ್ರಕ್ಕೆ ಹಬ್ಬ ಜಾಗ ಬದಲಿಸುವುದಿಲ್ಲ.

ಜಾರಿಯಾದದ್ದನ್ನು ನೋಡಲು ಸಹಾ ಇರಲಿಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. 62 ವರ್ಷ.

ಅವರ ಕತೆ ಇಲ್ಲಿಗೆ ಮುಗಿಯಿತು, ಅವರು ಬಿಟ್ಟುಹೋದ ಸೀಟಿನ ಕತೆ ಮುಗಿಯಲಿಲ್ಲ. ಭಾಷಾವಾರು ಪ್ರಾಂತಗಳ ಗಲಾಟೆಯ ಕಾಲ ಅದು. ಆ ಜನವರಿಯಲ್ಲಷ್ಟೇ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಮತ್ತು ಬಿಹಾರದ ಮುಖ್ಯಮಂತ್ರಿ ಶ್ರೀಕೃಷ್ಣ ಸಿನ್ಹಾ, ಎರಡೂ ರಾಜ್ಯಗಳನ್ನು ಒಂದು ಮಾಡುತ್ತೇವೆ ಎಂದು ಘೋಷಿಸಿದ್ದರು. ಜನರನ್ನು ಯಾರೂ ಕೇಳಿರಲಿಲ್ಲ. ಸಹಾ ತೀರಿಕೊಂಡದ್ದರಿಂದ ವಾಯವ್ಯ ಕಲ್ಕತ್ತಕ್ಕೆ ಉಪಚುನಾವಣೆ ಬಂತು, ಕೇಳಿದಂತಾಯಿತು. ವಿಲೀನ ಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆಯ ಮೇಲೆ ಆ ಚುನಾವಣೆ ನಡೆಯಿತು. ವಿಲೀನದ ವಿರುದ್ಧ ನಿಂತ ಮೋಹಿತ್ ಮೈತ್ರಾ ಕಾಂಗ್ರೆಸ್ ಅಭ್ಯರ್ಥಿಯನ್ನು ಸೋಲಿಸಿದರು. ಅದೇ ದಿನಗಳಲ್ಲಿ ಬಿಹಾರದ ಮಾನಭೂಮ್ ಜಿಲ್ಲೆಯ ಪಾಕ್‌ಬಿರಾ ಹಳ್ಳಿಯಿಂದ ಸುಮಾರು ಒಂದು ಸಾವಿರ ಬಂಗಾಳಿ ಮಾತಾಡುವ ಜನ ತಮ್ಮನ್ನು ಬಂಗಾಳಕ್ಕೆ ಸೇರಿಸಿ ಎಂದು ಕಲ್ಕತ್ತಕ್ಕೆ ನಡೆದು ಬಂದರು. ಮೇ ತಿಂಗಳಲ್ಲಿ ರಾಯ್ ವಿಲೀನದ ಮಾತನ್ನು ಹಿಂತೆಗೆದುಕೊಂಡರು. ಆ ಸೀಮೆಯ ಪುರುಲಿಯಾ ಭಾಗ ಪಶ್ಚಿಮ ಬಂಗಾಳಕ್ಕೆ ಸೇರಿತು. ಸೇರಿದ ದಿನ 1956ರ ನವೆಂಬರ್ 1.

ಆ ತಾರೀಕು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತೇ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಕತ್ತರಿಸಿ ಕೇರಳಕ್ಕೆ ಸೇರಿಸಿದರು. ನಮ್ಮಲ್ಲಿಯೂ ಹೋರಾಟ ಆಯಿತು, ಸಭೆಗಳಾದವು. 1957ರ ಕೇರಳ ವಿಧಾನಸಭೆಯ ಚುನಾವಣೆಯಲ್ಲಿ ಕರ್ನಾಟಕ ಸಮಿತಿಯ ಎಂ. ಉಮೇಶ ರಾವ್ ಮಂಜೇಶ್ವರದಿಂದ ಅವಿರೋಧವಾಗಿ ಆರಿಸಿ ಬಂದರು, ಎದುರು ನಿಲ್ಲುವವರೇ ಇರಲಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ವರದಿ ಕೊಟ್ಟಿತು. ವರದಿ ಕಾಗದದಲ್ಲೇ ಉಳಿಯಿತು. ಅಲ್ಲಿ ಒಂದು ಸೀಟಿನ ಫಲಿತಾಂಶಕ್ಕೆ ಮುಖ್ಯಮಂತ್ರಿ ಬಗ್ಗಿದರು. ಇಲ್ಲಿ ಗೆರೆ ಎಳೆದಾದ ಮೇಲೆ ಚುನಾವಣೆ ಬಂತು. ಆರು ತಿಂಗಳು ಮೊದಲು ಇಂಥದೊಂದು ಉಪಚುನಾವಣೆ ನಮ್ಮಲ್ಲೂ ಬಂದಿದ್ದರೆ ಏನಾಗುತ್ತಿತ್ತೋ, ಹಿರಿಯರು ಜಗಲಿಯಲ್ಲಿ ಕುಳಿತು ಮಾತಾಡುವಾಗ ನಮಗೆ ಈ ಯೋಚನೆ ಬರುವುದುಂಟು.

ಆ ಹುಡುಗನಿಗೆ ಮರುದಿನ ಇದರಲ್ಲಿ ಅರ್ಧದಷ್ಟು ಹೇಳಿದೆವು. ತಟ್ಟೆ ತೊಳೆಯುವ ಷರತ್ತು, ಹಸು, ಐದು ರೂಪಾಯಿ ಕಳಿಸುವ ಅಣ್ಣ, ಇವನ್ನೆಲ್ಲ ಬಾಯಿ ಬಿಟ್ಟು ಕೇಳಿದ. ಗಡಿಯ ಭಾಗ ಬಂದಾಗ ಕಿಟಕಿಯಾಚೆ ನೋಡುತ್ತಿದ್ದ, ವಯಸ್ಸು ಅದು. ಮಧ್ಯಾಹ್ನ ಊಟ ಮುಗಿಸಿ ತರಗತಿಗೆ ಬಂದರೆ ಬೋರ್ಡಿನ ಮೇಲೆ ನಾವು ಬರೆದಿದ್ದ ಮಾರ್ಚ್ 23ರ ಕೆಳಗೆ ಯಾರೋ ಚೈತ್ರ 2 ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈಬರಹದಲ್ಲಿ ತುಳುವಿನ ಸುಗ್ಗಿ ತಿಂಗಳು, ಅದಕ್ಕೂ ಕೆಳಗೆ ಮಲಯಾಳದ ಮೀನ ಮಾಸ. ಒರೆಸಲು ಕೈ ಹೋಗಲಿಲ್ಲ, ಅವತ್ತಿನ ಲೆಕ್ಕವನ್ನು ಪಕ್ಕದಲ್ಲಿ ಉಳಿದ ಜಾಗದಲ್ಲೇ ಮಾಡಿಸಿದೆವು.